ಅಂಬಿಗನೂ ತಾನೇ, ಗಾಳಗಾರನೂ ತಾನೇ

ಕಯಾಕ್ ಕೊಳ್ಳಲು ಹೊರಟವರನ್ನು ದೋಣಿಗಿಂತ ಹೆಚ್ಚು ಕಾಡಿಸುವುದು ಅದರ ಹುಟ್ಟು. ಅಂಗಡಿಯ ಪಟ್ಟಿಯಲ್ಲಿ ‘ಟೂರಿಂಗ್’ ಎಂದು ಬರೆದ ಹುಟ್ಟುಗಳ ಕೆಳಗೆ ‘ಆಂಗ್ಲರ್’ ಎಂಬ ಹಣೆಪಟ್ಟಿ ಹೊತ್ತ ಇನ್ನೊಂದು ಸಾಲು ಇರುತ್ತದೆ. ಚಿತ್ರದಲ್ಲಿ ನೋಡಿದರೆ ಎರಡೂ ಒಂದೇ: ನಡುವೆ ಕಾವು, ಎರಡು ತುದಿಗೆ ಎರಡು ಅಲಗು. ಗಾಳ ಹಾಕುವವರಿಗೆಂದು ಮಾಡಿದ್ದರ ಕಾವಿನ ಮೇಲೆ ಅಳತೆಯ ಗೆರೆಗಳಿರುತ್ತವೆ, ಅಲಗಿನ ಅಂಚಿನಲ್ಲೊಂದು ಕೊಕ್ಕೆಯಂಥ ಕಚ್ಚು ಇರುತ್ತದೆ, ಬಣ್ಣ ಕೆಸರಿನದೋ ಜೊಂಡಿನದೋ ಆಗಿರುತ್ತದೆ. ಇಷ್ಟಕ್ಕೇ ಬೇರೆ ಹೆಸರು, ಬೇರೆ ಬೆಲೆ ಏಕೆ ಎಂದು ಯಾರಿಗಾದರೂ ಅನ್ನಿಸೀತು. ಆ ಗೆರೆ, ಕಚ್ಚು, ಬಣ್ಣಗಳ ಮಟ್ಟಿಗೆ ಈ ಅನುಮಾನ ಬಹುಪಾಲು ಸರಿಯೇ. ನಿಜವಾದ ವ್ಯತ್ಯಾಸ ಇರುವುದು ಚಿತ್ರದಲ್ಲಿ ಅಷ್ಟಾಗಿ ಕಾಣದ ಕಡೆ: ಉದ್ದದಲ್ಲಿ, ಅಲಗಿನ ಆಕಾರದಲ್ಲಿ, ಎರಡು ಅಲಗುಗಳು ಒಂದಕ್ಕೊಂದು ತಿರುಗಿ ನಿಂತ ಕೋನದಲ್ಲಿ.

ಇದನ್ನು ತಿಳಿಯಲು ಬೆಂಗಳೂರಿನ ದಂಡು ಪ್ರದೇಶದವರು ದೂರ ಹೋಗಬೇಕಿಲ್ಲ. ಹಲಸೂರು ಕೆರೆಯಿಂದಲೇ ಶುರುಮಾಡಬಹುದು. ಸುಮಾರು 125 ಎಕರೆಯ ಈ ಕೆರೆ ಕೆಂಪೇಗೌಡರ ವಂಶದವರ ಕಾಲದ್ದೆಂದು ಪ್ರತೀತಿ. ಮುಂದೆ ಅದರ ರೂಪ ಬದಲಿಸಿದವರೆಂದು ಹೇಳುವುದು ಕಮಿಷನರ್ ಲೂಯಿನ್ ಬೌರಿಂಗ್ ಅವರ ಹೆಸರನ್ನು; ಶಿವಾಜಿನಗರದ ಆಸ್ಪತ್ರೆಗೂ ಅದೇ ಹೆಸರು. ಕೆರೆಯ ಒಂದು ಮಗ್ಗುಲು ಮದ್ರಾಸ್ ಎಂಜಿನಿಯರ್ ಗ್ರೂಪಿನದು. ಸುತ್ತಲಿನವರ ಬಾಯಲ್ಲಿ ಅದು ಬರೀ ಎಂಇಜಿ. ಸೈನ್ಯವನ್ನು ಹೊಳೆ ದಾಟಿಸುವುದು, ಸೇತುವೆ ಕಟ್ಟುವುದು ಸ್ಯಾಪರುಗಳ, ಎಂದರೆ ಸೇನೆಯ ಎಂಜಿನಿಯರುಗಳ, ಕಸುಬು. ಹಾಗಾಗಿ ದೋಣಿ ನಡೆಸುವುದು ಅವರಿಗೆ ಆಟವೂ ಹೌದು, ಪಾಠವೂ ಹೌದು. ಅವರ ಉದ್ದನೆಯ ರೋಯಿಂಗ್ ದೋಣಿಗಳು ನೀರಿನ ಮೇಲೆ ಗೆರೆ ಎಳೆದಂತೆ ಹೋಗುವುದನ್ನು ದಂಡೆಯಲ್ಲಿ ವಾಕಿಂಗ್ ಮಾಡುವವರು ನೋಡಿರುತ್ತಾರೆ. ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರ ದಾಟಿದರೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ. ವೀಳ್ಯದೆಲೆಯ ವ್ಯಾಪಾರಿಯೊಬ್ಬ ಬರಗಾಲದಲ್ಲಿ ತನ್ನ ಹಣದಿಂದ ಕಟ್ಟಿಸಿದ್ದೆಂದು ಸುತ್ತಿನ ಹಳ್ಳಿಗಳವರು ಹೇಳುವ ಕೆರೆ ಅದು. ಇಂಥ ಕೆರೆಗಳಲ್ಲಿ ಬಲೆ ಬಿಡುವವರದು ಗುಂಡನೆಯ ಹರಿಗೋಲು, ಕೈಯಲ್ಲೊಂದು ಗಿಡ್ಡ ಹುಟ್ಟು.

ರೋಯಿಂಗ್ ದೋಣಿಯ ಹುಟ್ಟನ್ನು ಮೊದಲು ಬದಿಗಿಡೋಣ, ಏಕೆಂದರೆ ಅದರ ಜಾತಿಯೇ ಬೇರೆ. ಎರಡು ಕೈಗೆ ಎರಡು ಹಿಡಿಯುವ ಬಗೆಯಲ್ಲಿ ಒಂದೊಂದೂ ಸುಮಾರು 2.9 ಮೀಟರ್, ಒಬ್ಬನಿಗೆ ಒಂದೇ ಇರುವ ಬಗೆಯಲ್ಲಿ 3.7 ಮೀಟರಿನ ಆಸುಪಾಸು. ದೋಣಿಯ ಪಕ್ಕದಿಂದ ಹೊರಚಾಚಿದ ಚೌಕಟ್ಟಿಗೆ ಅದನ್ನು ಸಿಕ್ಕಿಸಿರುತ್ತಾರೆ. ಭಾರ ಹೊರುವುದು ಆ ಚೌಕಟ್ಟು, ಸನ್ನೆಗೋಲಿನ ಆಧಾರವೂ ಅದೇ. ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತಿರುತ್ತಾನೆ. ಕಯಾಕಿನ ಹುಟ್ಟಿಗೆ ಇಂಥ ಯಾವ ಆಧಾರವೂ ಇಲ್ಲ. ಅದರ ಪೂರ್ತಿ ಭಾರ ಎರಡು ತೋಳಿನ ಮೇಲೆ. ಕೂತವನ ಮುಖ ಮುಂದಕ್ಕೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಅದ್ದಿ ಎಳೆಯುವಾಗ ಮೇಲಿನ ಕೈ ತಳ್ಳುತ್ತದೆ, ಕೆಳಗಿನ ಕೈ ಎಳೆಯುತ್ತದೆ.

ಹರಿಗೋಲಿನದು ಮೂರನೆಯ ರೀತಿ. ಬಿದಿರಿನ ಹೆಣಿಗೆಯ ಗುಂಡು ಬುಟ್ಟಿ, ಹೊರಗೆ ಹಿಂದೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಕಂಡು ಬರೆದಿಟ್ಟದ್ದೂ ಇದನ್ನೇ: ಬುಟ್ಟಿಯಂತೆ ದುಂಡಾದ, ಚರ್ಮ ಹೊದಿಸಿದ, ಹದಿನೈದು ಇಪ್ಪತ್ತು ಜನರನ್ನು ಹೊರುವ ದೋಣಿಗಳು. ದುಂಡನೆಯ ದೋಣಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಪಕ್ಕಕ್ಕೆ ಹುಟ್ಟು ಹಾಕಿದರೆ ಅದು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಅದಕ್ಕೇ ಅಂಬಿಗ ಮುಂದಂಚಿಗೆ ಕೂತು, ಎದುರಿನ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಾನೆ. ಅಲಗು ನೀರಿನಿಂದ ಹೊರಬಾರದೆ ಅಡ್ಡಡ್ಡ ಹಾವಿನಂತೆ ಹೊರಳುತ್ತದೆ. ಪಳಗಿದವನಿಗೆ ಇದನ್ನು ಒಂದೇ ಕೈಯಲ್ಲಿ ಮಾಡುವುದು ಗೊತ್ತು, ಏಕೆಂದರೆ ಇನ್ನೊಂದು ಕೈ ಬಲೆಯನ್ನು ಬಿಚ್ಚಿ ನೀರಿಗಿಳಿಸುತ್ತಿರುತ್ತದೆ. ಆ ಹುಟ್ಟು ಗಿಡ್ಡಗಿರುವುದಕ್ಕೂ ಇದೇ ಕಾರಣ. ಮೂರು ನಾಲ್ಕು ಅಡಿಯ ಹಲಗೆಯನ್ನು ಒಂಟಿ ಕೈಯಲ್ಲಿ ಆಡಿಸಬಹುದು, ಎಂಟು ಅಡಿಯದನ್ನು ಆಡಿಸುವುದು ಕಷ್ಟ. ಮೀನು ಹಿಡಿಯುವವನ ಹುಟ್ಟಿಗೆ ಇರುವ ಒಂದು ಮುಖ್ಯ ಷರತ್ತು ಇಲ್ಲಿಯೇ ಸಿಗುತ್ತದೆ. ಅವನಿಗೆ ಹುಟ್ಟು ಎರಡನೆಯ ಕೆಲಸ. ಮೊದಲ ಕೆಲಸಕ್ಕೆ ಕೈ ಬಿಡುವಾಗಬೇಕು.

ಗಾಳದ ಬೇಟೆಯಲ್ಲಿ ಈ ತೊಡಕನ್ನು ಹಿಂದೆ ಆಳನ್ನಿಟ್ಟು ಬಗೆಹರಿಸುತ್ತಿದ್ದರು. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಅದರ ಹಿಂದೆಯೇ ಬಂದ ಹವ್ಯಾಸಗಳಲ್ಲಿ ಗಾಳವೂ ಒಂದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಭಾರತದಲ್ಲಿ ಗಾಳ ಹಾಕುವ ಬಗ್ಗೆ ಬರೆದ ದೊಡ್ಡ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಗಾಳದವರ ಕಣ್ಣೆಲ್ಲ ಕಾವೇರಿ ಮತ್ತು ಅದರ ಉಪನದಿಗಳ ಮಹಶೀರ್ ಮೀನಿನ ಮೇಲೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು, ಎಂದರೆ 54 ಕಿಲೋ, ಆ ಲೋಕದಲ್ಲಿ ದಾಖಲೆಯೆಂದು ಹೆಸರಾಯಿತು. ಈ ಬೇಟೆ ದಡದಿಂದ, ಬಂಡೆಯ ಮೇಲಿಂದ ನಡೆಯುತ್ತಿತ್ತು, ಹೊಳೆಗಿಳಿಯಬೇಕಾದಾಗ ಹರಿಗೋಲು. ಹರಿಗೋಲಿನಲ್ಲಿ ಇಬ್ಬರು: ಗಾಳದ ಕೋಲು ಹಿಡಿದ ದೊರೆ, ಹುಟ್ಟು ಹಿಡಿದ ಅಂಬಿಗ. ಮೀನು ಕಚ್ಚಿ ಓಡತೊಡಗಿದರೆ ದೋಣಿಯನ್ನು ಅದರ ಹಿಂದೆ ಹರಿಸುವುದು, ಸುಳಿಯಿಂದ ತಪ್ಪಿಸುವುದು, ದಡಕ್ಕೆ ತರುವುದು ಅಂಬಿಗನ ಪಾಲು. ಫೋಟೋದಲ್ಲಿ ಮಾತ್ರ ದೊರೆ ಮತ್ತು ಮೀನು.

ಮೀನುಗಾರಿಕೆಯ ಕಯಾಕ್ ಈ ಇಬ್ಬರನ್ನು ಒಬ್ಬನನ್ನಾಗಿ ಮಾಡಿತು. ಅದರ ಹುಟ್ಟಿನ ಪ್ರತಿಯೊಂದು ವಿಚಿತ್ರಕ್ಕೂ ಮೂಲ ಇದು. ಪಂದ್ಯದ ಕಯಾಕಿನವನ ಕೈಯಿಂದ ಹುಟ್ಟು ಕೆಳಗಿಳಿಯುವುದು ಪಂದ್ಯ ಮುಗಿದ ಮೇಲೆ. ಹೊಳೆಯಲ್ಲಿ ದಿನವಿಡೀ ಪಯಣಿಸುವವನು ಬಿಸ್ಕತ್ತು ತಿನ್ನಲು, ನೀರು ಕುಡಿಯಲು ಇಳಿಸಿಯಾನು. ಗಾಳದವನು ಹತ್ತು ಹೊಡೆತ ಹೊಡೆದು ಇಳಿಸುತ್ತಾನೆ, ಗಾಳ ಎಸೆಯುತ್ತಾನೆ, ಗಾಳಿ ದೋಣಿಯನ್ನು ತಿರುಗಿಸುತ್ತದೆ, ಒಂದು ಕೈಯಲ್ಲಿ ಹುಟ್ಟನ್ನೆತ್ತಿ ಎರಡು ಸಲ ಅದ್ದುತ್ತಾನೆ, ಮತ್ತೆ ಇಳಿಸುತ್ತಾನೆ. ನೀರಿನಲ್ಲಿ ಕಳೆದ ಹೊತ್ತಿನಲ್ಲಿ ಹುಟ್ಟು ತೊಡೆಯ ಮೇಲೋ ಪಕ್ಕದ ಕೊಂಡಿಯಲ್ಲೋ ಸುಮ್ಮನಿರುವ ಪಾಲೇ ಹೆಚ್ಚು. ಆದ್ದರಿಂದ ಗಾಳದವನಿಗೆ ಒಳ್ಳೆಯ ಹುಟ್ಟು ಎಂದರೆ ಬೇಗ ಎತ್ತಲು, ಬೇಗ ಇಳಿಸಲು, ಇಳಿಸಿದಾಗ ತೊಂದರೆ ಕೊಡದೆ ಇರಲು ಒಗ್ಗಿದ ಹುಟ್ಟು. ವೇಗದ ಲೆಕ್ಕ ಆಮೇಲಿನದು.

ಉದ್ದದಿಂದ ಆರಂಭಿಸೋಣ. ಬಿಳಿನೊರೆಯ ಹೊಳೆಗಳಲ್ಲಿ ಆಡುವವರ ಹುಟ್ಟು ಎರಡು ಮೀಟರಿನ ಅತ್ತಿತ್ತ. ಪಂದ್ಯದವರದು, ಪಯಣದವರದು ಸಾಮಾನ್ಯವಾಗಿ 210ರಿಂದ 230 ಸೆಂಟಿಮೀಟರ್. ಗಾಳದವರದು 240ರಿಂದ 260. ಮೀನು ದೂರದಲ್ಲಿರುತ್ತದೆಂದು ಹುಟ್ಟು ಉದ್ದ ಮಾಡಿದ್ದಾರೆ ಎಂದು ಕೆಲವರು ತಿಳಿದಿರುವುದುಂಟು; ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಸಂಬಂಧ ದೋಣಿಯ ಅಗಲಕ್ಕೆ ಮತ್ತು ಆಸನದ ಎತ್ತರಕ್ಕೆ. ಒಲಿಂಪಿಕ್ಸಿನ ಒಬ್ಬರ ಕಯಾಕ್ ಹೆಚ್ಚೆಂದರೆ 5.2 ಮೀಟರ್ ಉದ್ದ, ಅಗಲ ಅರ್ಧ ಮೀಟರಿಗೂ ಕಡಿಮೆ. ಪಯಣದ ಕಯಾಕ್ 55–60 ಸೆಂಟಿಮೀಟರ್ ಅಗಲ. ಮೀನುಗಾರಿಕೆಯದು ಮೂರು, ನಾಲ್ಕು ಮೀಟರ್ ಉದ್ದವಿದ್ದು ಅಗಲ ಮಾತ್ರ 80ರಿಂದ 95 ಸೆಂಟಿಮೀಟರಿಗೆ ಹೋಗುತ್ತದೆ. ಅದರಲ್ಲಿ ಎದ್ದು ನಿಲ್ಲಬೇಕು, ಪಕ್ಕಕ್ಕೆ ಬಾಗಿ ಮೀನೆತ್ತಬೇಕು, ಡಬ್ಬಿ, ಕೋಲು, ನೀರಿನ ಬಾಟಲಿ ಇಡಬೇಕು, ಅಗಲವಿಲ್ಲದೆ ಆಗದು. ಕೂರುವುದು ದೋಣಿಯ ಹೊಟ್ಟೆಯೊಳಗಲ್ಲದೆ ಮೇಲೆ, ಎಷ್ಟೋ ಮಾದರಿಗಳಲ್ಲಿ ಪೈಪಿನ ಚೌಕಟ್ಟಿನ ಕುರ್ಚಿಯ ಮೇಲೆ. ಎತ್ತರದಿಂದ ನೀರೊಳಗೆ ಚೆನ್ನಾಗಿ ಕಾಣುತ್ತದೆ, ಸೊಂಟಕ್ಕೂ ಸುಖ.

ಈಗ ಹೈಸ್ಕೂಲಿನ ತ್ರಿಕೋನಮಿತಿ ಸ್ವಲ್ಪ ನೆನಪಿಸಿಕೊಳ್ಳಬೇಕು. ಹುಟ್ಟನ್ನು ನೀರಿಗೆ 30 ಡಿಗ್ರಿ ಓರೆಯಾಗಿ ಹಿಡಿದಿದ್ದೀರಿ ಎಂದಿಟ್ಟುಕೊಳ್ಳಿ. ಆಸನ 10 ಸೆಂಟಿಮೀಟರ್ ಮೇಲೇರಿದರೆ, ಅದೇ ಓರೆಯಲ್ಲಿ ನೀರು ಮುಟ್ಟಲು ಹುಟ್ಟು ಆ ಬದಿಗೆ 20 ಸೆಂಟಿಮೀಟರ್ ಬೆಳೆಯಬೇಕು, ಏಕೆಂದರೆ 30 ಡಿಗ್ರಿಯ ಸೈನ್ ಅರ್ಧ. ಎರಡು ಬದಿಗೂ ಸೇರಿ 40. ಅಷ್ಟು ಉದ್ದ ಯಾರೂ ಮಾಡುವುದಿಲ್ಲ; ಮೇಲಿನ ಕೈಯನ್ನು ಇನ್ನಷ್ಟು ಎತ್ತಿ 45 ಡಿಗ್ರಿಗೆ ತಂದರೆ ಬದಿಗೆ 14 ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಕೈ ಎತ್ತಿದಷ್ಟೂ ಉದ್ದ ಉಳಿಯುತ್ತದೆ, ಭುಜ ದಣಿಯುತ್ತದೆ. ಕೈ ಇಳಿಸಿದಷ್ಟೂ ಭುಜಕ್ಕೆ ಆರಾಮ, ಉದ್ದ ಬೇಕು. ಇದರ ಜೊತೆಗೆ ಅಗಲ: 95 ಸೆಂಟಿಮೀಟರಿನ ದೋಣಿಯಲ್ಲಿ ನಡುವಿನಿಂದ ಅಂಚಿಗೇ 47.5 ಆಯಿತು, ಅಲ್ಲಿಯ ತನಕದ ಕಾವು ನೀರನ್ನು ಮುಟ್ಟುವುದೇ ಇಲ್ಲ. ಗಿಡ್ಡ ಹುಟ್ಟು ಹಿಡಿದು ಅಗಲದ ದೋಣಿಯಲ್ಲಿ ಕೂತವನು ಪ್ರತಿ ಹೊಡೆತಕ್ಕೂ ಪಕ್ಕಕ್ಕೆ ವಾಲಬೇಕಾಗುತ್ತದೆ, ಬೆರಳಿನ ಗೆಣ್ಣು ದೋಣಿಯ ಅಂಚಿಗೆ ತರಚುತ್ತದೆ. ಬಾಡಿಗೆ ಕಯಾಕಿನಲ್ಲಿ ಒಂದು ಗಂಟೆ ಕಳೆದವರ ಗೆಣ್ಣುಗಳನ್ನು ನೋಡಿದರೆ ಹುಟ್ಟಿನ ಅಳತೆ ಸರಿಯಿತ್ತೋ ಇಲ್ಲವೋ ಹೇಳಬಹುದು.

ಹಾಗೆಂದು ಉದ್ದ ಪುಕ್ಕಟೆ ಸಿಗುವುದಿಲ್ಲ. ಅಲಗು ದೋಣಿಯ ನಡುಗೆರೆಯಿಂದ ದೂರ ಸರಿದಷ್ಟೂ ಅದರ ಎಳೆತ ದೋಣಿಯನ್ನು ಮುಂದೊಯ್ಯುವ ಬದಲು ತಿರುಗಿಸತೊಡಗುತ್ತದೆ. ಬಲಕ್ಕೆ ಹೊಡೆದರೆ ಮೂತಿ ಎಡಕ್ಕೆ, ಎಡಕ್ಕೆ ಹೊಡೆದರೆ ಬಲಕ್ಕೆ. ಸಾಗುವ ದಾರಿ ಅಂಕುಡೊಂಕು. ತುದಿಯ ತೂಕ ಕೈಗೆ ಇನ್ನಷ್ಟು ಭಾರವೆನಿಸುತ್ತದೆ. ಆದ್ದರಿಂದ ಉದ್ದ ಇದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ನಂಬಬೇಡಿ. ಐದೂವರೆ ಅಡಿಯ ಆಳು 80 ಸೆಂಟಿಮೀಟರ್ ಅಗಲದ, ತಗ್ಗು ಆಸನದ ಕಯಾಕಿಗೆ 260 ಕೊಂಡರೆ ದುಡ್ಡು ಕೊಟ್ಟು ಕಷ್ಟ ತಂದುಕೊಂಡಂತೆ.

ಅಲಗಿನ ಕಥೆ ಇನ್ನೂ ಸ್ವಾರಸ್ಯದ್ದು. ಪಂದ್ಯದವರ ಅಲಗು ಈಗ ಚಮಚದ ಹೊಟ್ಟೆಯಂತೆ ತಿರುಚಿಕೊಂಡಿರುತ್ತದೆ. ಸ್ವೀಡನ್ನಿನಲ್ಲಿ 1980ರ ದಶಕದ ಆರಂಭದಲ್ಲಿ ಬಂದ ಈ ‘ವಿಂಗ್’ ಅಲಗು ನೀರನ್ನು ನೇರ ಹಿಂದಕ್ಕೆ ತಳ್ಳುವ ಜೊತೆಗೆ ಪಕ್ಕಕ್ಕೂ ಸರಿಯುತ್ತ, ವಿಮಾನದ ರೆಕ್ಕೆ ಗಾಳಿಯಲ್ಲಿ ಪಡೆಯುವ ಎತ್ತುವ ಬಲವನ್ನು ನೀರಿನಲ್ಲಿ ಮುಂದೊಯ್ಯುವ ಬಲವಾಗಿ ಪಡೆಯುತ್ತದೆ. ಕೆಲವೇ ವರ್ಷಗಳಲ್ಲಿ ಪಂದ್ಯಗಳಿಂದ ಚಪ್ಪಟೆ ಅಲಗನ್ನು ಅದು ಓಡಿಸಿತು. ಆದರೆ ಅದು ಬಲ್ಲದ್ದು ಮುಂದಕ್ಕೆ ಹೋಗುವುದೊಂದನ್ನೇ. ಹಿಮ್ಮುಖ ಹೊಡೆತಕ್ಕೆ, ವಾಲಿದಾಗ ನೀರಿಗೆ ಊರಿ ಸಾವರಿಸಿಕೊಳ್ಳಲಿಕ್ಕೆ, ಅಡ್ಡಕ್ಕೆ ಸರಿಯಲಿಕ್ಕೆ ಅದು ಒರಟು. ಗಾಳದವನಿಗೆ ಬೇಕಾದದ್ದು ಇವೇ. ಜೊಂಡಿನ ಅಂಚಿನಲ್ಲಿ ನಿಲ್ಲಬೇಕು, ಹತ್ತು ಅಡಿ ಹಿಂದೆ ಸರಿಯಬೇಕು, ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ಪಕ್ಕಕ್ಕೆ ಹೋಗಬೇಕು. ಅವನ ಅಲಗು ಹಾಗಾಗಿ ಹೆಚ್ಚು ಹೊಟ್ಟೆಯಿಲ್ಲದ್ದು, ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಒಂದೇ ತೆರನಾಗಿ ನೀರು ಹಿಡಿಯುವಂಥದ್ದು.

ಅಲಗಿನ ಅಗಲದ ವಿಷಯದಲ್ಲಿ ತಯಾರಕರಲ್ಲೇ ಎರಡು ಪಂಗಡ. ಒಂದು ಪಂಗಡದ್ದು ನೀಳವಾದ, ಸಣ್ಣ ಅಲಗು. ತಗ್ಗು ಕೋನದಲ್ಲಿ ನಿಧಾನವಾಗಿ ಎಳೆಯಲು ಹಗುರ. ಇನ್ನೊಂದು ಪಂಗಡ ‘ಆಂಗ್ಲರ್’ ಎಂದು ಬರೆದು ದೊಡ್ಡ ಅಲಗು ಕೊಡುತ್ತದೆ: ಪಯಣದ ಹುಟ್ಟಿನ ಅಲಗು ಸುಮಾರು 600–650 ಚದರ ಸೆಂಟಿಮೀಟರ್ ಇದ್ದರೆ ಇದು 700ರ ಮೇಲೆ. ಸೈಕಲ್ಲಿನ ಗಟ್ಟಿ ಗೇರಿನಂತೆ ಇದು. ಸಾಮಾನು ತುಂಬಿ 150 ಕಿಲೋ ದಾಟಿದ ದೋಣಿಯನ್ನು ನಿಂತಲ್ಲಿಂದ ಕದಲಿಸಲು, ಗಾಳಿಗೆದುರಾಗಿ ಎರಡೇ ಹೊಡೆತದಲ್ಲಿ ತಿರುಗಿಸಲು ಅದು ಚೆನ್ನ. ಅದೇ ಗೇರಿನಲ್ಲಿ ಐದು ಕಿಲೋಮೀಟರ್ ಹೋದರೆ ಭುಜ ಬೇಡವೆನ್ನುತ್ತದೆ. ನಮ್ಮ ಕೆರೆಗಳಂಥ ಕಿರಿದಾದ ನೀರಿಗೆ ದೊಡ್ಡದು ಹೊಂದುತ್ತದೆ, ಶರಾವತಿಯ ಅಳಿವೆಯಂಥ ಸೆಳೆತದ ಹರಹಿಗೆ ನೀಳದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಮತ್ತೊಂದು ಲೆಕ್ಕವನ್ನೂ ಹಾಕಬೇಕು. ಬೆಂಗಳೂರಿನ ಪೂರ್ವದ ಕೆರೆಗಳಲ್ಲಿ ಜಲಕಳೆ ವಿಪರೀತ. ಒಳಚರಂಡಿಯ ಸಾರ ಕುಡಿದು ಬೆಳೆಯುವ ಅದು ಅಗಲದ ಅಲಗಿಗೆ ಪ್ರತಿ ಹೊಡೆತಕ್ಕೂ ಮುಷ್ಟಿಯಷ್ಟು ಅಂಟಿಕೊಂಡು ಬರುತ್ತದೆ. ನೀಳ, ನುಣುಪು ಅಂಚಿನ ಅಲಗಿನಿಂದ ಜಾರಿ ಹೋಗುತ್ತದೆ.

ಹುಟ್ಟನ್ನು ಕೈಗೆತ್ತಿ ನೋಡಿದರೆ ಅಲಗಿನ ಮೇಲಂಚು ಕೆಳಗಂಚಿಗಿಂತ ಉದ್ದವಿರುವುದು ಕಾಣುತ್ತದೆ. ಅದು ತಯಾರಿಕೆಯ ದೋಷವಲ್ಲ. ಓರೆಯಾಗಿ ಇಳಿಯುವ ಅಲಗಿನ ಕೆಳಗಿನ ಅರ್ಧ ಮೊದಲು ನೀರಿಗೆ ಹೋಗುತ್ತದೆ. ಎರಡೂ ಅರ್ಧ ಸಮನಾಗಿದ್ದರೆ ಕೆಳಗಿನದರ ಮೇಲೆ ಹೆಚ್ಚು ಒತ್ತಡ ಬಿದ್ದು ಕಾವು ಅಂಗೈಯಲ್ಲಿ ಹೊರಳುತ್ತದೆ. ಕೆಳಗಿನದನ್ನು ಕತ್ತರಿಸಿ ಕಡಿಮೆ ಮಾಡಿದರೆ ಒತ್ತಡ ಸಮನಾಗುತ್ತದೆ. ಅಲಗಿನ ನಡುವೆ ಎದ್ದ ಬೆನ್ನೆಲುಬಿನಂಥ ಏಣೂ ನೀರನ್ನು ಎರಡು ಕಡೆಗೆ ಸಮನಾಗಿ ಹರಿಸಲಿಕ್ಕೇ. ಇವು ಸಾಮಾನ್ಯ ಹುಟ್ಟಿಗೂ ಗಾಳದ ಹುಟ್ಟಿಗೂ ಒಂದೇ. ಹೊಸಬರು ಬಹಳ ಜನ ಇದನ್ನು ಗಮನಿಸದೆ ತಲೆಕೆಳಗಾಗಿ ಹಿಡಿದಿರುತ್ತಾರೆ, ಕೈ ನೋವಿಗೆ ದೋಣಿಯನ್ನು ಬೈಯುತ್ತಾರೆ.

ಎರಡು ಅಲಗುಗಳ ನಡುವಿನ ಕೋನಕ್ಕೆ ಬರೋಣ. ಕಾವಿನ ನಡುವಿನ ಬೆಸುಗೆಯಲ್ಲಿ ಒಂದು ಅಲಗನ್ನು ಇನ್ನೊಂದಕ್ಕೆ 30, 45, 60 ಡಿಗ್ರಿ ತಿರುಗಿಸಿ ಇಡುವ ವ್ಯವಸ್ಥೆ ಇರುತ್ತದೆ. ಒಂದು ಅಲಗು ನೀರಿನಲ್ಲಿರುವಾಗ ಮೇಲಿನದು ಗಾಳಿಗೆ ಮುಖ ಕೊಡದೆ ಅಂಚು ಕೊಡಲಿ ಎಂದು ಈ ಉಪಾಯ. ಇದಕ್ಕೆ ಪ್ರತಿ ಹೊಡೆತದ ನಡುವೆ ಮಣಿಕಟ್ಟನ್ನು ತಿರುಗಿಸುವ ಅಭ್ಯಾಸ ಬೇಕು. ಒಂದು ಕೈ ಕಾವನ್ನು ಬಿಗಿ ಹಿಡಿದು ಲೆಕ್ಕ ಇಟ್ಟುಕೊಳ್ಳುತ್ತದೆ. ಪಯಣದವನ ಕೈ ಬಿಡುವುದು ಅಪರೂಪವಾದ್ದರಿಂದ ಲೆಕ್ಕ ತಪ್ಪದು. ಗಾಳದವನು ಹುಟ್ಟನ್ನು ಗಳಿಗೆಗೊಮ್ಮೆ ಬಿಡುವವನು. ಕಣ್ಣು ನೂಲಿನ ಮೇಲಿರುವಾಗ ಕೈ ತಡಕಿ ಹುಟ್ಟನ್ನೆತ್ತಿ ಅದ್ದಬೇಕು. ಆಗ ಅಲಗು ಯಾವ ಕಡೆಗೆ ತಿರುಗಿದೆ ಎಂದು ನೋಡಿಕೊಳ್ಳುವ ಹೊತ್ತಿಲ್ಲ. ಎರಡೂ ಅಲಗು ಒಂದೇ ಸಮತಲದಲ್ಲಿ, ಸೊನ್ನೆ ಡಿಗ್ರಿಯಲ್ಲಿ ಇಟ್ಟುಕೊಂಡರೆ ಯಾವ ಕಡೆ ಎತ್ತಿದರೂ ಸರಿ. ಪುಸ್ತಕಗಳು ಕೋನದ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ಗಾಳ ಹಾಕುವವರು ಆ ಪುಟಗಳನ್ನು ಹಾರಿಸಿ ಓದಬಹುದು.

ತೂಕದಲ್ಲಿ ಜನ ತಪ್ಪು ಕಡೆ ಉಳಿತಾಯ ಮಾಡುತ್ತಾರೆ. ಅಲ್ಯುಮಿನಿಯಂ ಕಾವು, ಪ್ಲಾಸ್ಟಿಕ್ ಅಲಗಿನ ಅಗ್ಗದ ಹುಟ್ಟು ಒಂದು ಕಿಲೋ ದಾಟುತ್ತದೆ. ಫೈಬರ್‌ಗ್ಲಾಸಿನದು ಒಂದು ಕಿಲೋದ ಒಳಗೆ. ಕಾರ್ಬನ್ನಿನದು 700–800 ಗ್ರಾಂ. ಗಾಳದವನು ಕಡಿಮೆ ಹುಟ್ಟು ಹಾಕುವುದರಿಂದ ಭಾರವಿದ್ದರೂ ನಡೆಯುತ್ತದೆ ಎಂಬ ವಾದವುಂಟು. ನಿಮಿಷಕ್ಕೆ 40 ಹೊಡೆತವೆಂದರೆ ಗಂಟೆಗೆ 2,400. ಪ್ರತಿ ಬಾರಿ 300 ಗ್ರಾಂ ಹೆಚ್ಚು ಎತ್ತಿದರೆ ಒಟ್ಟು 720 ಕಿಲೋ. ಗಾಳದವನಿಗೆ ಇದರ ಅರ್ಧವೇ ಆಗಲಿ. ಆದರೆ ಅವನು ಒಂಟಿ ಕೈಯಲ್ಲಿ ಎತ್ತುವವನು, ಅದೂ ಇತರರಿಗಿಂತ ಉದ್ದದ ಹುಟ್ಟನ್ನು. ಕಾವನ್ನು ಮೊಣಕೈಗೆ ಒರಗಿಸಿ ಒಂದೇ ಮಣಿಕಟ್ಟಿನಿಂದ ಆಡಿಸುವಾಗ ತುದಿಯ ನೂರು ಗ್ರಾಮೂ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ದುಡ್ಡನ್ನು ಅಳತೆಯ ಗೆರೆಗೆ, ಬಣ್ಣಕ್ಕೆ ಕೊಡದೆ ಫೈಬರ್‌ಗ್ಲಾಸಿನ ಕಾವಿಗೆ ಕೊಡಿ ಎನ್ನುತ್ತೇನೆ. ಕಾರ್ಬನ್ ಅಷ್ಟು ಬೇಕಿಲ್ಲ. ಗಾಳದವನು ಹುಟ್ಟಿನಿಂದ ಬಂಡೆಯನ್ನು ತಳ್ಳುತ್ತಾನೆ, ಕೆಸರಿಗೆ ಊರಿ ದೋಣಿ ನಿಲ್ಲಿಸುತ್ತಾನೆ. ದುಬಾರಿ ಅಲಗಿನ ಅಂಚು ಅಲ್ಲಿ ಚಕ್ಕೆ ಏಳುತ್ತದೆ.

ಅಲ್ಯುಮಿನಿಯಂ ಬೇಡವೆನ್ನಲು ಇನ್ನೊಂದು ಕಾರಣ ಸದ್ದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಶಬ್ದ ನೀರಿನಲ್ಲಿ ಹೆಚ್ಚುಕಡಿಮೆ 1,480 ಮೀಟರ್ ಹೋಗುತ್ತದೆ. ಮೀನಿಗೆ ಒಳಗಿವಿಯ ಜೊತೆಗೆ ಮೈಯುದ್ದಕ್ಕೂ ಪಾರ್ಶ್ವರೇಖೆ ಎಂಬ ಇಂದ್ರಿಯವಿದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ತಿಳಿಯುತ್ತದೆ. ಲೋಹದ ಕಾವು ಪ್ಲಾಸ್ಟಿಕ್ ದೋಣಿಯ ಅಂಚಿಗೆ ಬಡಿದರೆ ಟೊಳ್ಳು ದೋಣಿ ಅದನ್ನು ನೀರಿಗೆ ದಾಟಿಸುತ್ತದೆ. ಮೇಲೆ ಎಷ್ಟು ಮಾತಾಡಿದರೂ ಅಡ್ಡಿಯಿಲ್ಲ, ಮಾತು ನೀರಿನ ಮೇಲ್ಮೈಗೆ ತಾಗಿ ಬಹುಪಾಲು ಹಿಂದಿರುಗುತ್ತದೆ. ಹುಟ್ಟನ್ನು ಧೊಪ್ಪನೆ ಇಡಬಾರದು ಅಷ್ಟೇ. ದೋಣಿಯ ಪಕ್ಕದಲ್ಲಿ ಹುಟ್ಟು ಸಿಕ್ಕಿಸುವ ಕೊಂಡಿಗೆ ರಬ್ಬರು ಹಚ್ಚಿರುವುದು ಈ ಕಾರಣಕ್ಕೆ. ಹುಟ್ಟಿಗೊಂದು ಸುರುಳಿ ದಾರ ಕಟ್ಟಿ ದೋಣಿಗೆ ಬಿಗಿದಿರುವುದೂ ಉಂಟು. ದೊಡ್ಡ ಮೀನು ಕಚ್ಚಿದ ಕ್ಷಣ ಹುಟ್ಟನ್ನು ನೀರಿಗೇ ಬಿಟ್ಟುಬಿಡಬಹುದು, ದಾರ ಅದನ್ನು ಕಾಯುತ್ತದೆ. ಆದರೆ ಹರಿವ ಹೊಳೆಯಲ್ಲಿ ಆ ದಾರ ಕಾಲಿಗೆ, ಕೊಂಬೆಗೆ ತೊಡರುವ ಅಪಾಯವಿದೆ. ನಿಂತ ನೀರಿಗೆ ಮಾತ್ರ ಅದು ಸರಿ.

ಕಾವಿಗೆ ಎರಡು ಕಡೆ ತೊಡಿಸಿದ ರಬ್ಬರಿನ ಬಳೆಗಳು ಅಲಗಿನಿಂದ ಇಳಿದು ಬರುವ ನೀರನ್ನು ತಡೆದು ತೊಟ್ಟಿಕ್ಕಿಸುತ್ತವೆ. ತಿಳಿಹೊಳೆಯಲ್ಲಿ ಇದು ಬರೀ ಸೌಕರ್ಯ. 2016ರ ಮಾರ್ಚಿನಲ್ಲಿ ಆಮ್ಲಜನಕ ಕುಸಿದು ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದ ಹಲಸೂರು ಕೆರೆಯಂಥ ನೀರಿನಲ್ಲಿ ಆ ಬಳೆಗಳ ಬೆಲೆ ಬೇರೆಯೇ.

ಇನ್ನು ಹಣೆಪಟ್ಟಿಯ ಅಲಂಕಾರಗಳು. ಅಲಗಿನ ಕಚ್ಚು ಇರುವುದು ಕೊಂಬೆಗೆ ಸಿಕ್ಕಿದ ನೂಲನ್ನು ಎಳೆದುಕೊಳ್ಳಲು, ಕೈಗೆಟುಕದ ಗಾಳವನ್ನು ಬಿಡಿಸಲು. ಮರ ಬಾಗಿದ ಹೊಳೆಯ ದಡದಲ್ಲಿ ಉಪಯೋಗ ಉಂಟು. ಜಲಕಳೆಯ ಕೆರೆಯಲ್ಲಿ ಆ ಕಚ್ಚೇ ಕಳೆಯನ್ನು ಬಾಚಿ ತರುತ್ತದೆ. ಕಾವಿನ ಮೇಲಿನ ಅಳತೆಯ ಗೆರೆ ಮೀನನ್ನು ಹಿಡಿದು, ಅಳೆದು, ತಿರುಗಿ ನೀರಿಗೆ ಬಿಡುವವರಿಗೆ. ದುಂಡು ಕಾವಿನ ಮೇಲೆ ಒದ್ದಾಡುವ ಮೀನನ್ನು ಸರಿಯಾಗಿ ಅಳೆಯುವುದು ಆಗದ ಮಾತು, ಅಂದಾಜಿಗೆ ಆದೀತು. ಕೆಸರಿನ ಬಣ್ಣ ಮೀನಿಗೆ ಕಾಣದಿರಲಿ ಎಂದಂತೆ. ಆದರೆ ಮೋಟಾರು ದೋಣಿ ಓಡಾಡುವ ಕಡೆ ಮೇಲೆದ್ದ ಅಲಗೇ ದೂರದಿಂದ ನಿಮ್ಮ ಗುರುತು. ಅಲ್ಲಿ ಕಿತ್ತಳೆಯೋ ಹಳದಿಯೋ ಬೇಕು, ಮೀನು ಏನಾದರೂ ಅಂದುಕೊಳ್ಳಲಿ.

ಎರಡೂವರೆ ಮೀಟರಿನ ಕೋಲನ್ನು ಇಂದಿರಾನಗರದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇಳಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕಾವಿನ ನಡುವಿನ ಬೆಸುಗೆಯಲ್ಲೇ ಇದೆ. ಒಂದು ಗುಂಡಿ ಒತ್ತಿದರೆ ಹುಟ್ಟು ಎರಡಾಗುತ್ತದೆ, ನಾಲ್ಕು ತುಂಡಿನವೂ ಇವೆ, ಆಟೋದ ಹಿಂಬದಿಯಲ್ಲಿ ಹಿಡಿಸುತ್ತವೆ. ತುಂಡು ಕೊಳವೆಗಳನ್ನು ಹೊತ್ತು ತಂದು ಸ್ಥಳದಲ್ಲೇ ಒಂದಕ್ಕೊಂದು ಜೋಡಿಸಿ ಉದ್ದ ಮಾಡುವ ಉಪಾಯಕ್ಕೆ ಹಲಸೂರಿನ ನಂಟು ಹಳೆಯದು: 1912ರಲ್ಲಿ ಮದ್ರಾಸ್ ಸ್ಯಾಪರ್ಸಿನ ಕ್ಯಾಪ್ಟನ್ ಮೆಕ್ಲಿಂಟಾಕ್ ಮುಳ್ಳುತಂತಿ ಬೇಲಿ ಸಿಡಿಸಲು ಹಾಗೆಯೇ ಮಾಡಿದ ಅಸ್ತ್ರ ಇಂದಿಗೂ ‘ಬೆಂಗಳೂರು ಟಾರ್ಪಿಡೊ’ ಎಂದೇ ಪ್ರಸಿದ್ಧ. ಹುಟ್ಟಿನ ಬೆಸುಗೆಗೆ ಮರಳು ಹೊಕ್ಕರೆ ಕಚ್ಚಿಕೊಂಡು ಬಿಡದು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಎರಡು ಭಾಗ ಬೇರೆ ಮಾಡಿಯೇ ಒಣಗಿಸಬೇಕು. ಅದರಲ್ಲೂ ಕಾವಿನ ಉದ್ದವನ್ನು 10–15 ಸೆಂಟಿಮೀಟರ್ ಹೆಚ್ಚು ಕಡಿಮೆ ಮಾಡಿಕೊಳ್ಳುವ ಬೆಸುಗೆ ಸಿಕ್ಕರೆ ಅದನ್ನೇ ಕೊಳ್ಳಿ. ಕೂತಾಗ ಒಂದು ಉದ್ದ, ನಿಂತಾಗ ಇನ್ನೊಂದು ಉದ್ದ ಬೇಕಾಗುವ ದೋಣಿ ಇದು.

ಕಾಲಿನಿಂದ ತುಳಿಯುವ ಪೆಡಲ್ ಕಯಾಕುಗಳು ಬಂದ ಮೇಲೆ ಗಾಳದವರಲ್ಲಿ ಹಣವಿದ್ದವರು ಹುಟ್ಟನ್ನು ಮೂಲೆಗಿಟ್ಟಿದ್ದಾರೆ. ಎರಡು ಕೈಯೂ ಬಿಡುವಾದವು, ಅಂಬಿಗನ ಕೆಲಸ ಕಾಲಿಗೆ ಹೋಯಿತು. ಆದರೂ ಅವರ ದೋಣಿಯಲ್ಲಿ ಒಂದು ಹುಟ್ಟು ಇರಲೇಬೇಕು, ಏಕೆಂದರೆ ಕಳೆ ಸುತ್ತಿದರೆ ಪೆಡಲು ತಿರುಗಿಸುವ ನೀರೊಳಗಿನ ಫ್ಯಾನು ತಿರುಗುವುದಿಲ್ಲ. ಅದರ ಜೊತೆಗೆ ಮೊಳದುದ್ದದ ಒಂಟಿ ಅಲಗಿನ ಕೈಹುಟ್ಟನ್ನೂ ಇಟ್ಟುಕೊಳ್ಳುತ್ತಾರೆ, ಒಂದು ಕೈಯಲ್ಲಿ ಗಾಳ ಹಿಡಿದೇ ದೋಣಿ ಸರಿಪಡಿಸಿಕೊಳ್ಳಲು. ಕೆ.ಆರ್. ಪುರದಾಚೆಯ ಕೆರೆಯಲ್ಲಿ ಬಲೆ ಬಿಡುವವನ ಕೈಯಲ್ಲಿರುವುದಕ್ಕೂ ಅದಕ್ಕೂ ಉದ್ದ ಬಿಟ್ಟರೆ ಹೆಚ್ಚಿನ ಅಂತರವಿಲ್ಲ. ತಯಾರಕರು ಸುತ್ತಿ ಬಳಸಿ ಹರಿಗೋಲಿನ ಹುಟ್ಟಿಗೇ ಬಂದಿದ್ದಾರೆ, ಅದಕ್ಕೆ ಬೇರೆ ಬೆಲೆ ಇಟ್ಟು.

ಇದನ್ನೆಲ್ಲ ಓದಿ ನಾಳೆಯೇ ಹಲಸೂರು ಕೆರೆಗೆ ಕಯಾಕ್ ಇಳಿಸಲು ಹೊರಡಬೇಡಿ. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುತ್ತದೆ. ಗುತ್ತಿಗೆದಾರರ ಕಟ್ಲಾ, ರೋಹುಗಳಿಗೆ ನೀವು ಗಾಳ ಹಾಕಿದರೆ ಅದು ಕಳವು ಮಾಡಿದಂತೆ. ಕಾವೇರಿ ವನ್ಯಜೀವಿಧಾಮದ ಉದ್ದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ನಿಲ್ಲುತ್ತದೆ, ನಿಲ್ಲಲೇಬೇಕು. ಅಲ್ಲಿನ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅತ್ಯಂತ ಹತ್ತಿರವಿರುವ ಜೀವಿಗಳ ಪಟ್ಟಿಯಲ್ಲಿದೆ. ಕಲಿಯಲು ಕರಾವಳಿ ಒಳ್ಳೆಯದು. ಹೊನ್ನಾವರದ ಕಾಂಡ್ಲಾ ಕಾಡಿನ ನಡುವೆ, ಮೂಲ್ಕಿಯ ಶಾಂಭವಿಯಲ್ಲಿ ಕಯಾಕ್ ಬಾಡಿಗೆಗೆ ಸಿಗುತ್ತದೆ. ಅಲ್ಲಿ ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತು, ಬೇರೆ ಬೇರೆ ಉದ್ದದ ಎರಡು ಹುಟ್ಟು ಕೇಳಿ ಪಡೆಯಿರಿ. ಪಕ್ಕಕ್ಕೆ ವಾಲದೆ ಇಡೀ ಅಲಗು ಮುಳುಗಬೇಕು, ಕಾವು ಮುಳುಗಬಾರದು, ಗೆಣ್ಣು ದೋಣಿಗೆ ತಾಗಬಾರದು. ಆಮೇಲೆ ಅದನ್ನು ತೊಡೆಯ ಮೇಲಿಟ್ಟು, ದಡದ ಕಡೆ ನೋಡುತ್ತಲೇ ಒಂದು ಕೈಯಲ್ಲಿ ಎತ್ತಿ ಹಿಂದಕ್ಕೆ ನಾಲ್ಕು ಹೊಡೆತ ಹೊಡೆಯಿರಿ. ಮಣಿಕಟ್ಟು ತಕರಾರು ಮಾಡದಿದ್ದರೆ ಅದರ ಉದ್ದವನ್ನೂ ತೂಕವನ್ನೂ ಬರೆದುಕೊಂಡು ಬನ್ನಿ. ಅಂಗಡಿಯಲ್ಲಿ ಕೇಳಬೇಕಾದದ್ದು ಆ ಎರಡು ಅಂಕಿಗಳನ್ನು.